ಮುಲಾಮಿಗೆ ಬಗ್ಗದ ತೊಟ್ಟಿನ ತುರಿಕೆ: ಗಂಟಿಲ್ಲದಿದ್ದರೂ ಬಯಾಪ್ಸಿ ಯಾಕೆ?

ಪ್ರಶ್ನೆ: ನನ್ನ ಅಮ್ಮನಿಗೆ 58 ವರ್ಷ. ಏಳು ತಿಂಗಳಿಂದ ಬಲ ಸ್ತನದ ತೊಟ್ಟಿನಲ್ಲಿ ತುರಿಕೆ ಇದೆ. ಮೊದಮೊದಲು ಒಣಗಿ ಸಿಪ್ಪೆ ಏಳುತ್ತಿತ್ತು. ಈಗ ಹಕ್ಕಳೆ ಕಟ್ಟುತ್ತದೆ, ಅದು ಕಿತ್ತು ಬಂದರೆ ಕೆಳಗೆ ಹಸಿ ಗಾಯದಂತೆ ಕಾಣುತ್ತದೆ, ಒಳಉಡುಪಿಗೆ ಹಳದಿ ಕಲೆಯಾಗುತ್ತದೆ. ಎರಡು ಬೇರೆ ಬೇರೆ ಮುಲಾಮು ಕೊಟ್ಟಿದ್ದರು. ಹಚ್ಚಿದಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಶುರು. ಮ್ಯಾಮೊಗ್ರಾಂ ಮಾಡಿಸಿದೆವು, ನಾರ್ಮಲ್ ಬಂತು. ಈಗ ಒಬ್ಬ ಡಾಕ್ಟರು ಪೇಜೆಟ್ ಕಾಯಿಲೆ ಇರಬಹುದು, ಬಯಾಪ್ಸಿ ಮಾಡೋಣ ಎಂದಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. 'ಗಂಟೇ ಇಲ್ಲವಲ್ಲ, ಕ್ಯಾನ್ಸರ್ ಹೇಗಾಗುತ್ತದೆ? ಕತ್ತರಿಸಿದರೆ ಇಲ್ಲದ್ದೂ ಹರಡುತ್ತದೆ' ಎನ್ನುತ್ತಾರೆ. ಅಂಟುರೋಗ ಎಂಬ ಭಯದಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದಾರೆ. ಇದು ನಿಜವಾಗಿ ಕ್ಯಾನ್ಸರೇ? ಮ್ಯಾಮೊಗ್ರಾಂ ಸರಿಯಿದ್ದ ಮೇಲೂ ಬಯಾಪ್ಸಿ ಬೇಕೇ? ಕ್ಯಾನ್ಸರ್ ಆಗಿದ್ದರೆ ಸ್ತನ ಪೂರ್ತಿ ತೆಗೆಯಲೇಬೇಕೇ? ನನಗೂ ಬರಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದ ಮೂರೂ ಅದರ ಮೇಲೆ ನಿಂತಿವೆ. ಹೌದು, ಬಯಾಪ್ಸಿ ಬೇಕು. ಮ್ಯಾಮೊಗ್ರಾಂ ನಾರ್ಮಲ್ ಇದ್ದರೂ ಬೇಕು, ಕೈಗೆ ಗಂಟು ಸಿಗದಿದ್ದರೂ ಬೇಕು, ಈ ವಾರ ಮುಲಾಮು ಹಚ್ಚಿ ವಾಸಿಯಾದಂತೆ ಕಂಡರೂ ಬೇಕು. ಬಯಾಪ್ಸಿ ಮಾಡೋಣ ಎಂದ ಡಾಕ್ಟರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ.

ಇದು ಪೇಜೆಟ್ ಕಾಯಿಲೆಯೇ ಎಂದು ಪತ್ರ ಓದಿ ನಾನು ಹೇಳಲಾರೆ. ಎದುರಿಗೆ ಕೂರಿಸಿಕೊಂಡು ನೋಡಿದರೂ ಖಚಿತವಾಗಿ ಹೇಳಲಾಗದು. ಕಣ್ಣಿಗೆ ಇಸುಬಿನಂತೆಯೇ ಕಾಣುವುದು ಈ ರೋಗದ ಸ್ವಭಾವ. ಆದರೆ ನೀವು ಬರೆದಿರುವುದರಲ್ಲಿ ನಾಲ್ಕು ವಿಷಯಗಳು ನನ್ನನ್ನು ಎಚ್ಚರಿಸುತ್ತಿವೆ. ತೊಂದರೆ ಒಂದೇ ಕಡೆ ಇದೆ. ಶುರುವಾದದ್ದು ತೊಟ್ಟಿನಲ್ಲೇ. ತಿಂಗಳುಗಟ್ಟಲೆ ಹೋಗಿಲ್ಲ. ಮುಲಾಮು ಬಿಟ್ಟ ಕೂಡಲೇ ಮರಳಿ ಬರುತ್ತಿದೆ. ಈ ನಾಲ್ಕೂ ಒಟ್ಟಿಗೆ ಸೇರಿದಾಗ ಮೂರನೆಯ ಮುಲಾಮು ಬರೆದುಕೊಡುವುದು ತಪ್ಪು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಒಬ್ಬ ಮಹಿಳೆಗೆ ಎರಡು ಸಲ ಮುಲಾಮು ಬರೆದು ಕಳಿಸಿದ್ದೆ. ಎರಡನೆಯ ಸಲ ಅವರು 'ಕಡಿಮೆಯಾಗಿದೆ ಡಾಕ್ಟ್ರೇ' ಎಂದಿದ್ದರು, ನಾನೂ ನಂಬಿದೆ. ಮೂರನೆಯ ಸಲ ಬಂದಾಗ ತೊಟ್ಟು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿತ್ತು. ಆಮೇಲೆ ಮಾಡಿದ ಬಯಾಪ್ಸಿಯನ್ನು ಮೊದಲ ಸಲವೇ ಮಾಡಬಹುದಿತ್ತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂದೇ ತೊಟ್ಟಿನ ಇಸುಬಿಗೆ ಎರಡು ವಾರ, ಹೆಚ್ಚೆಂದರೆ ಮೂರು ವಾರ ಮುಲಾಮು. ಅಷ್ಟರಲ್ಲಿ ಪೂರ್ತಿ ಗುಣವಾಗದಿದ್ದರೆ, ಗುಣವಾಗಿ ಮತ್ತೆ ಬಂದರೆ, ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. ಇದಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪೇಜೆಟ್ ಅವರಿಂದ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿದ್ದ ಅವರು 1874ರಲ್ಲಿ ಸುಮಾರು 15 ಮಹಿಳೆಯರ ಬಗ್ಗೆ ಬರೆದರು. ಎಲ್ಲರಿಗೂ ತೊಟ್ಟು ಮತ್ತು ಅದರ ಸುತ್ತಲಿನ ಕಪ್ಪು ವರ್ತುಲದ ಮೇಲೆ ಹಟಮಾರಿ ಹುಣ್ಣು, ಹಸಿಯಾಗಿ ಕೆಂಪಗೆ ಹೊಳೆಯುವ ಚರ್ಮ. ಎಲ್ಲರಲ್ಲೂ ಎರಡು ವರ್ಷದೊಳಗೆ, ಹೆಚ್ಚಿನವರಲ್ಲಿ ಒಂದೇ ವರ್ಷದಲ್ಲಿ, ಅದೇ ಸ್ತನದೊಳಗೆ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಮ್ಯಾಮೊಗ್ರಾಂ ಎಂಬುದೇ ಇಲ್ಲದ ಕಾಲದಲ್ಲಿ, ಚರ್ಮದ ಮೇಲಿನ ಒಂದು ಗಾಯಕ್ಕೂ ಒಳಗಿನ ಗೆಡ್ಡೆಗೂ ನಂಟಿದೆ ಎಂದು ಬರೀ ಕಣ್ಣಿನಿಂದ, ರೋಗಿಗಳನ್ನು ನೆನಪಿಟ್ಟುಕೊಂಡು ಕಂಡುಹಿಡಿದದ್ದು ದೊಡ್ಡ ಕೆಲಸ. ಅವರಿಗೆ ಕಂಡ ಕ್ರಮ ಮಾತ್ರ ತಿರುವುಮುರುವಾಗಿತ್ತು. ಮೊದಲು ಚರ್ಮದ ರೋಗ, ಅದರ ಕಾಟದಿಂದ ಆಮೇಲೆ ಒಳಗೆ ಕ್ಯಾನ್ಸರ್ ಎಂದು ಅವರು ಭಾವಿಸಿದ್ದರು. ಬಹುಪಾಲು ರೋಗಿಗಳಲ್ಲಿ ಒಳಗಿನದೇ ಮೊದಲು, ತೊಟ್ಟಿನ ಮೇಲೆ ಕಾಣುವುದು ಅದರ ತುದಿ ಎಂದು ಇಂದು ನಾವು ತಿಳಿಯುತ್ತೇವೆ.

ಒಂದು ಗೊಂದಲವನ್ನು ಇಲ್ಲೇ ತೆಗೆದುಹಾಕುತ್ತೇನೆ. ಪೇಜೆಟ್ ಕಾಯಿಲೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೂಳೆ ಬಾಗುವ, ದಪ್ಪವಾಗುವ ಒಂದು ರೋಗವೂ ಸಿಗುತ್ತದೆ. ಅದನ್ನು 1877ರಲ್ಲಿ ವಿವರಿಸಿದವರೂ ಇದೇ ಪೇಜೆಟ್. ಹೆಸರೊಂದು ಬಿಟ್ಟರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಅಮ್ಮನಿಗೆ ಮಂಡಿನೋವಿದ್ದರೆ ಅದನ್ನು ತಂದು ಇದಕ್ಕೆ ಜೋಡಿಸಬೇಡಿ.

ಗಂಟಿಲ್ಲದೆ ಕ್ಯಾನ್ಸರ್ ಹೇಗೆ ಎಂಬ ಅಮ್ಮನ ಪ್ರಶ್ನೆ ಬಹಳ ಒಳ್ಳೆಯದು. ಸ್ತನದಲ್ಲಿ ಹಾಲು ತಯಾರಾಗುವ 15ರಿಂದ 20 ಹಾಲೆಗಳಿರುತ್ತವೆ. ಅವುಗಳಿಂದ ಹೊರಟ ನಾಳಗಳು ತೊಟ್ಟಿನ ಕಡೆಗೆ ಸಾಗಿ ಅಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ತೆರೆದುಕೊಳ್ಳುತ್ತವೆ. ನಾಳದ ಒಳಪದರವೂ ತೊಟ್ಟಿನ ಹೊರಚರ್ಮವೂ ಆ ಬಾಯಿಗಳಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ, ನಡುವೆ ಗೋಡೆಯಿಲ್ಲ. ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಹಾಲಿನ ವ್ಯವಸ್ಥೆಯ ಒಳಪದರದಲ್ಲಿ. ಕೆಲವರಲ್ಲಿ ಆ ಕೆಟ್ಟ ಜೀವಕೋಶಗಳು ಗೆಡ್ಡೆ ಕಟ್ಟುವ ಬದಲು, ಅಥವಾ ಗೆಡ್ಡೆ ಕಟ್ಟುತ್ತಲೇ, ನಾಳದ ಗೋಡೆಯನ್ನು ಹಿಡಿದು ಮೇಲಕ್ಕೆ ಸಾಗಿ ತೊಟ್ಟಿನ ಚರ್ಮದೊಳಗೆ ಸೇರಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ದೊಡ್ಡದಾಗಿ, ತಿಳಿಬಣ್ಣದಲ್ಲಿ, ಸುತ್ತಲಿನ ಚರ್ಮದ ಕೋಶಗಳ ನಡುವೆ ಬೇರೆ ಊರಿನವರ ಹಾಗೆ ಎದ್ದು ಕಾಣುತ್ತವೆ. ಇವಕ್ಕೇ ಪೇಜೆಟ್ ಕೋಶಗಳು ಎಂಬ ಹೆಸರು. ಚರ್ಮದ ಪದರದ ಬಿಗಿ ಇವುಗಳಿಂದ ಸಡಿಲಗೊಳ್ಳುತ್ತದೆ. ಅದಕ್ಕೇ ಸಿಪ್ಪೆ, ಅದಕ್ಕೇ ಜಿನುಗು, ಅದಕ್ಕೇ ತುರಿಕೆ. ಅಂದರೆ ಅಮ್ಮ ತುರಿಸಿಕೊಳ್ಳುತ್ತಿರುವುದು ಚರ್ಮವನ್ನೇ ಆದರೂ ಕಾರಣ ಚರ್ಮದ್ದೇ ಆಗಿರಬೇಕೆಂದಿಲ್ಲ.

ಕೆಲವೇ ಕೆಲವರಲ್ಲಿ ಎಷ್ಟು ಹುಡುಕಿದರೂ ಒಳಗೆ ಏನೂ ಸಿಗುವುದಿಲ್ಲ. ಅಂಥವರಲ್ಲಿ ರೋಗ ತೊಟ್ಟಿನ ಚರ್ಮದಲ್ಲೇ ಹುಟ್ಟಿರಬಹುದು ಎಂಬ ವಾದವಿದೆ. ಆದರೆ ಪೇಜೆಟ್ ಎಂದು ಖಚಿತವಾದ 100 ಮಂದಿಯಲ್ಲಿ 80ರಿಂದ 90 ಮಂದಿಗೂ ಹೆಚ್ಚು ಜನರಿಗೆ ಅದೇ ಸ್ತನದೊಳಗೆ ಕ್ಯಾನ್ಸರ್ ಇರುತ್ತದೆ. ಹಾಗಾಗಿ ಇದೆ ಎಂದು ಭಾವಿಸಿ ಹುಡುಕುವುದೇ ಸರಿ.

ಈ 100 ಮಂದಿಯಲ್ಲಿ ಕೈಗೆ ಗಂಟು ಸಿಗುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಅಮ್ಮ ಗಮನಿಸಬೇಕಾದ ಅಂಶ ಇದು. ಗಂಟಿಲ್ಲ ಎಂಬುದು ಕ್ಯಾನ್ಸರ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಆದರೆ ಅದು ಒಳ್ಳೆಯ ಸುದ್ದಿಯೂ ಹೌದು. ಗಂಟಿದ್ದವರಲ್ಲಿ ಬಹುತೇಕ ಎಲ್ಲರಲ್ಲೂ ಕ್ಯಾನ್ಸರ್ ನಾಳದ ಗೋಡೆಯನ್ನು ಒಡೆದು ಹೊರಬಂದಿರುತ್ತದೆ. ಗಂಟಿಲ್ಲದವರಲ್ಲಿ ಹೆಚ್ಚಿನವರಿಗೆ ಅದು ಇನ್ನೂ ನಾಳದೊಳಗೇ ಇರುತ್ತದೆ. ನಾಳದೊಳಗೇ ಇರುವ ಹಂತದಲ್ಲಿ ಹಿಡಿದರೆ ಗುಣವಾಗುವ ಸಾಧ್ಯತೆ ತುಂಬಾ ಹೆಚ್ಚು. ಗಂಟಿಲ್ಲವಲ್ಲ, ಕಾಯೋಣ ಎನ್ನುವುದಕ್ಕೂ ಗಂಟಿಲ್ಲದಿರುವಾಗಲೇ ಹೋಗೋಣ ಎನ್ನುವುದಕ್ಕೂ ಎಷ್ಟು ಅಂತರ ಎಂದು ಅಮ್ಮನಿಗೆ ವಿವರಿಸಿ ಹೇಳಿ.

ಹಾಗಾದರೆ ಮ್ಯಾಮೊಗ್ರಾಂ ಸುಳ್ಳು ಹೇಳಿತೇ? ಸುಳ್ಳಲ್ಲ, ಅದಕ್ಕೆ ಕಾಣುವುದಷ್ಟನ್ನೇ ಅದು ಹೇಳುತ್ತದೆ. ಗೆಡ್ಡೆಯ ನೆರಳು, ಸುಣ್ಣದ ಸಣ್ಣ ಕಣಗಳು, ರಚನೆ ಎಳೆದುಕೊಂಡಿರುವುದು ಇಂಥವು ಅದಕ್ಕೆ ಕಾಣುತ್ತವೆ. ತೊಟ್ಟಿನ ಚರ್ಮದೊಳಗೆ ಚದುರಿ ಕೂತ ಕೋಶಗಳು ಕಾಣುವುದಿಲ್ಲ. ನಾಳದೊಳಗಿನ ಕ್ಯಾನ್ಸರು ಸುಣ್ಣ ಕಟ್ಟದೆ ಇದ್ದರೆ ಅದೂ ತಪ್ಪಿಸಿಕೊಳ್ಳುತ್ತದೆ. ಮ್ಯಾಮೊಗ್ರಾಂ ಪೂರ್ತಿ ನಾರ್ಮಲ್ ಇದ್ದು ಬಯಾಪ್ಸಿಯಲ್ಲಿ ಪೇಜೆಟ್ ಬಂದ ರೋಗಿಗಳು ಅಪರೂಪವೇನಲ್ಲ. ಆ ವರದಿಯನ್ನು ಜೋಪಾನವಾಗಿ ಇಡಿ, ಮುಂದೆ ಬೇಕಾಗುತ್ತದೆ. ತೊಟ್ಟಿನ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.

ಇಸುಬಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲೇ. ಸಾಮಾನ್ಯ ಇಸುಬು ಹೆಚ್ಚಾಗಿ ಎರಡೂ ಕಡೆ ಬರುತ್ತದೆ. ಅದು ಸುತ್ತಲಿನ ಕಪ್ಪು ವರ್ತುಲದಲ್ಲಿ ಶುರುವಾಗಿ ಎಷ್ಟೋ ಸಲ ತೊಟ್ಟನ್ನು ಮುಟ್ಟುವುದೇ ಇಲ್ಲ. ಅಂಥವರಿಗೆ ಮೊಣಕೈ ಸಂದಿನಲ್ಲೋ ಕತ್ತಿನಲ್ಲೋ ಮೊದಲಿನಿಂದಲೂ ಇಸುಬಿರುವುದುಂಟು. ಹೊಸ ಸಾಬೂನು, ಬಟ್ಟೆ, ಮುಲಾಮು ಕೆರಳಿಸಿದ್ದರೆ ಅದನ್ನು ನಿಲ್ಲಿಸಿದಾಗ ಹೋಗುತ್ತದೆ. ಪೇಜೆಟ್ ಹೀಗಲ್ಲ. ಅದು ತೊಟ್ಟಿನ ತುದಿಯಲ್ಲಿ ಶುರುವಾಗಿ ನಿಧಾನವಾಗಿ ವರ್ತುಲದ ಕಡೆಗೆ ಹರಡುತ್ತದೆ, ಹೊರಗಿನ ಚರ್ಮಕ್ಕೂ ದಾಟಬಹುದು. ಅಂಚು ಅಲ್ಪಸ್ವಲ್ಪ ಸ್ಪಷ್ಟವಾಗಿರುತ್ತದೆ. ಬಹುತೇಕ ಯಾವಾಗಲೂ ಒಂದೇ ಕಡೆ. ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಏನೂ ಕಾಣದೆ ಬರೀ ನವೆ, ಉರಿ, ಜುಮುಜುಮು ಮಾತ್ರ ಇರಬಹುದು. ಆಮೇಲೆ ಸಿಪ್ಪೆ, ಹಕ್ಕಳೆ, ಹಳದಿ ನೀರು, ರಕ್ತ. ಕೊನೆಕೊನೆಗೆ ತೊಟ್ಟು ಸವೆಯುತ್ತದೆ, ಚಪ್ಪಟೆಯಾಗುತ್ತದೆ, ಒಳಕ್ಕೆ ಎಳೆದುಕೊಳ್ಳುತ್ತದೆ.

ಪಠ್ಯಪುಸ್ತಕಗಳು 'ಕೆಂಪಗಾಗುತ್ತದೆ' ಎಂದು ಬರೆಯುತ್ತವೆ. ಅದು ಬಿಳಿ ಚರ್ಮದ ಮಾತು. ಕಂದು, ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಎದ್ದು ಕಾಣದೇ ಹೋಗಬಹುದು. ಬಣ್ಣ ಗಾಢವಾದಂತೆ, ಬೂದಿಯಾದಂತೆ, ಕೆಲವೊಮ್ಮೆ ಬಿಳಿಚಿದಂತೆ ಕಾಣುತ್ತದೆ. ಅಲ್ಲಿ ಬಣ್ಣಕ್ಕಿಂತ ಮೇಲ್ಮೈಯನ್ನು ನೋಡಬೇಕು: ಇನ್ನೊಂದು ತೊಟ್ಟಿನ ಮೇಲಿರುವ ಸಹಜ ಗೆರೆಗಳು, ಉಬ್ಬುತಗ್ಗುಗಳು ಇಲ್ಲಿ ಅಳಿಸಿಹೋಗಿವೆಯೇ? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇಲ್ಲ.

ಮುಲಾಮಿಗೆ ಕಡಿಮೆಯಾಗಿತ್ತಲ್ಲ ಎಂಬ ಸಮಾಧಾನವೇ ಇಲ್ಲಿ ದೊಡ್ಡ ಮೋಸ. ಸ್ಟೀರಾಯ್ಡ್ ಮುಲಾಮು ಯಾವ ಉರಿಯೂತವನ್ನಾದರೂ ತಗ್ಗಿಸುತ್ತದೆ. ಪೇಜೆಟ್ ಕೋಶಗಳ ಸುತ್ತ ದೇಹ ಎಬ್ಬಿಸಿದ ಉರಿಯೂತವನ್ನೂ ಅದು ತಗ್ಗಿಸುತ್ತದೆ, ತುರಿಕೆ ನಿಲ್ಲುತ್ತದೆ, ಹಕ್ಕಳೆ ಉದುರುತ್ತದೆ. ಕೋಶಗಳು ಮಾತ್ರ ಇದ್ದಲ್ಲೇ ಇರುತ್ತವೆ. ಮುಲಾಮು ಇಲ್ಲದೆಯೂ ಈ ರೋಗ ತಾನಾಗಿ ಏರಿಳಿಯುವುದುಂಟು. ಹೀಗೇ ತಿಂಗಳುಗಳು ಕಳೆಯುತ್ತವೆ. ನೀವು ಏಳು ತಿಂಗಳು ಎಂದು ಬರೆದಿದ್ದೀರಿ. ಈ ಕಾಯಿಲೆಯ ಮಟ್ಟಿಗೆ ಅದು ಆಶ್ಚರ್ಯದ ಸಂಗತಿಯಲ್ಲ, ಅಮ್ಮನ ತಪ್ಪೂ ಅಲ್ಲ. ಆದರೆ ಎಂಟನೆಯ ತಿಂಗಳು ಆಗಲು ಬಿಡಬೇಡಿ.

ಇದು ಪೇಜೆಟ್ ಆಗದಿರಲೂಬಹುದು ಎಂಬುದನ್ನೂ ಅಷ್ಟೇ ಖಡಾಖಂಡಿತವಾಗಿ ಹೇಳಬೇಕು. ಸ್ತನ ಕ್ಯಾನ್ಸರಿನ 100 ಪ್ರಕರಣಗಳಲ್ಲಿ 1ರಿಂದ 4ರಷ್ಟು ಮಾತ್ರ ಪೇಜೆಟ್. ಇಸುಬು, ಸೋರಿಯಾಸಿಸ್, ಹಾಲೂಡಿಸುವವರಲ್ಲಿ ಬರುವ ಶಿಲೀಂಧ್ರದ ಸೋಂಕು ಇವೆಲ್ಲ ಅದಕ್ಕಿಂತ ಎಷ್ಟೋ ಸಾಮಾನ್ಯ. ತೊಟ್ಟಿನ ನಾಳಗಳಲ್ಲಿ ಬೆಳೆಯುವ, ಕ್ಯಾನ್ಸರಲ್ಲದ ಒಂದು ಗೆಡ್ಡೆಯೂ ಥೇಟ್ ಹೀಗೆಯೇ ಕಾಣುತ್ತದೆ. ಹಾಗಿರುವಾಗ ಬಯಾಪ್ಸಿಗೆ ಹೋಗುವುದೆಂದರೆ ಕ್ಯಾನ್ಸರನ್ನು ಒಪ್ಪಿಕೊಂಡಂತಲ್ಲ. ಇಸುಬು ಎಂದು ಬಂದರೆ ಅದಕ್ಕೆ ನೆಮ್ಮದಿಯಿಂದ ಸರಿಯಾದ ಮದ್ದು ಮಾಡಬಹುದು.

ಬಯಾಪ್ಸಿ ಎಂದರೆ ಇಲ್ಲಿ ಏನು? ಅಮ್ಮನ ಮನಸ್ಸಿನಲ್ಲಿ ದೊಡ್ಡ ಆಪರೇಷನ್ನಿನ ಚಿತ್ರವಿರಬಹುದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆ ಚುಚ್ಚು ನೋಯುತ್ತದೆ, ತೊಟ್ಟು ಸೂಕ್ಷ್ಮ ಜಾಗ, ನೋಯುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ನಿಮಿಷದೊಳಗೆ ಮರಗಟ್ಟುತ್ತದೆ. ಆಮೇಲೆ ಪೆನ್ಸಿಲಿನ ತುದಿಯಂಥ ಒಂದು ಉಪಕರಣದಿಂದ ಮೂರು ನಾಲ್ಕು ಮಿಲಿಮೀಟರಿನ ಚರ್ಮದ ತುಣುಕು ತೆಗೆಯುತ್ತಾರೆ, ಇಲ್ಲವೇ ಬ್ಲೇಡಿನಿಂದ ಸಣ್ಣ ಬೆಣೆಯಾಕಾರದ ತುಣುಕು. ಬೇಕಾದರೆ ಒಂದೆರಡು ಹೊಲಿಗೆ. ಅಂದೇ ಮನೆಗೆ ಹೋಗಬಹುದು. ಕೆಲವರು ಮೊದಲು ಗಾಜಿನ ಪಟ್ಟಿಯನ್ನು ಒತ್ತಿ ಅಥವಾ ಮೇಲ್ಮೈ ಕೆರೆದು ಕೋಶಗಳನ್ನು ನೋಡುತ್ತಾರೆ. ಅದರಲ್ಲಿ ಪೇಜೆಟ್ ಕೋಶ ಸಿಕ್ಕರೆ ಸುಳಿವು ಸಿಕ್ಕಂತೆ, ಸಿಗದಿದ್ದರೆ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಚರ್ಮದ ಪೂರ್ತಿ ದಪ್ಪ ಸಿಗುವ ತುಣುಕೇ ಬೇಕು. ಬಯಾಪ್ಸಿಯಲ್ಲಿ ಏನೂ ಸಿಗದೆ, ಗಾಯ ಮಾತ್ರ ಹಾಗೇ ಉಳಿದರೆ ಮತ್ತೊಮ್ಮೆ ಮಾಡಿ ಎಂದು ಕೇಳಲು ಸಂಕೋಚ ಬೇಡ. ಮೊದಲ ತುಣುಕು ಪಕ್ಕದ ಒಳ್ಳೆಯ ಜಾಗದಿಂದ ಬಂದಿರಲೂಬಹುದು.

ತುಣುಕಿನ ಮೇಲೆ ವಿಶೇಷ ಬಣ್ಣದ ಪರೀಕ್ಷೆಗಳನ್ನೂ ಮಾಡುತ್ತಾರೆ. ಚರ್ಮದ ಬೇರೆ ಎರಡು ಕ್ಯಾನ್ಸರುಗಳು, ಅಂದರೆ ಮೆಲನೋಮಾ ಮತ್ತು ಬೋವೆನ್ ಕಾಯಿಲೆ, ಸೂಕ್ಷ್ಮದರ್ಶಕದಲ್ಲಿ ಪೇಜೆಟ್‌ನಂತೆಯೇ ಕಾಣಬಹುದು. ಅವನ್ನು ಬೇರ್ಪಡಿಸಲು ಈ ಪರೀಕ್ಷೆಗಳು ಬೇಕು. ವರದಿ ತಡವಾಯಿತೆಂದರೆ ಕೆಟ್ಟದ್ದೇ ಬಂದಿದೆ ಎಂದು ಅರ್ಥವಲ್ಲ, ಎಷ್ಟೋ ಸಲ ಈ ಬಣ್ಣಗಳಿಗಾಗಿಯೇ ಕಾಯುತ್ತಿರುತ್ತಾರೆ.

ಇನ್ನು 'ಕತ್ತರಿಸಿದರೆ ಹರಡುತ್ತದೆ' ಎಂಬ ಮಾತು. ಇದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಈ ನಂಬಿಕೆ ಹುಟ್ಟಿದ ಬಗೆ ನನಗೆ ಅರ್ಥವಾಗುತ್ತದೆ: ತಡವಾಗಿ ಬಂದವರಿಗೆ ಬಯಾಪ್ಸಿ ಆಗುತ್ತದೆ, ರೋಗ ಆಗಲೇ ಮುಂದುವರಿದಿರುತ್ತದೆ, ಮನೆಯವರಿಗೆ ಕತ್ತರಿಸಿದ ಮೇಲೆಯೇ ಕೆಟ್ಟಿತು ಎನ್ನಿಸುತ್ತದೆ. ತೊಟ್ಟಿನ ಚರ್ಮದ ಒಂದು ಸಣ್ಣ ತುಣುಕು ತೆಗೆಯುವುದರಿಂದ ಈ ರೋಗ ದೇಹಕ್ಕೆ ಹರಡುವುದಿಲ್ಲ. ರೋಗವಿದ್ದರೆ ಆ ಜಾಗವನ್ನೇ ಮುಂದೆ ಹೇಗೂ ತೆಗೆಯಲಿದ್ದಾರೆ. ಹರಡಲು ಅವಕಾಶ ಕೊಡುವುದು ಕಾಯುವಿಕೆ.

ಬಯಾಪ್ಸಿಯಲ್ಲಿ ಪೇಜೆಟ್ ಎಂದು ಬಂದರೆ ಮುಂದಿನ ಹೆಜ್ಜೆ ಒಳಗೆ ಏನಿದೆ, ಎಷ್ಟು ದೂರ ಇದೆ ಎಂದು ನೋಡುವುದು. ಎರಡೂ ಸ್ತನಗಳ ಮ್ಯಾಮೊಗ್ರಾಂ, ಸ್ತನ ಮತ್ತು ಕಂಕುಳಿನ ಅಲ್ಟ್ರಾಸೌಂಡ್ ಮಾಡುತ್ತಾರೆ. ಅಮ್ಮನಂತೆ ಮ್ಯಾಮೊಗ್ರಾಂ ನಾರ್ಮಲ್ ಇರುವವರಿಗೆ ಎಂಆರ್‌ಐ ಬಹಳ ಉಪಯುಕ್ತ. ಸ್ತನ ಉಳಿಸಬಹುದೇ ಎಂಬ ತೀರ್ಮಾನಕ್ಕೆ ಮೊದಲು ಅದನ್ನು ಮಾಡಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಅನುಮಾನದ ಜಾಗ ಕಂಡರೆ ಅಲ್ಲಿಂದಲೂ ಸೂಜಿಯಲ್ಲಿ ತುಣುಕು ತೆಗೆಯುತ್ತಾರೆ.

ಸ್ತನ ಪೂರ್ತಿ ತೆಗೆಯಲೇಬೇಕೇ? ಒಂದು ಕಾಲಕ್ಕೆ ಪೇಜೆಟ್ ಎಂದರೆ ಎಲ್ಲರಿಗೂ ಅದೊಂದೇ ಚಿಕಿತ್ಸೆ. ಈಗ ಹಾಗಿಲ್ಲ. ರೋಗ ತೊಟ್ಟಿನ ಕೆಳಗೆ, ನಡುಭಾಗದಲ್ಲೇ ಸೀಮಿತವಾಗಿದ್ದರೆ ತೊಟ್ಟು, ಸುತ್ತಲಿನ ವರ್ತುಲ, ಅದರ ಕೆಳಗಿನ ಒಂದಿಷ್ಟು ಭಾಗವನ್ನು ಸುತ್ತ ಒಳ್ಳೆಯ ಅಂಚಿನೊಂದಿಗೆ ತೆಗೆದು, ಉಳಿದ ಸ್ತನಕ್ಕೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಇದು ಸ್ತನ ತೆಗೆದಷ್ಟೇ ಬದುಕುಳಿಯುವ ಅವಕಾಶ ಕೊಡುತ್ತದೆ. ಇಲ್ಲಿ ಒಂದು ಎಚ್ಚರಿಕೆ ಇದೆ. ತೊಟ್ಟು ಮಾತ್ರ ತೆಗೆದುಬಿಡಿ, ವಿಕಿರಣ ಬೇಡ ಎನ್ನುವವರಿದ್ದಾರೆ. ಹಾಗೆ ಮಾಡಿದವರಲ್ಲಿ ರೋಗ ಅದೇ ಸ್ತನದಲ್ಲಿ ಮರಳುವುದು ಹೆಚ್ಚು. ಸ್ತನ ಉಳಿಸಿಕೊಳ್ಳುವುದೆಂದರೆ ಆಪರೇಷನ್ನೂ ವಿಕಿರಣವೂ ಸೇರಿದ ಚಿಕಿತ್ಸೆ ಎಂದು ಮೊದಲೇ ಮನಸ್ಸು ಮಾಡಿಕೊಳ್ಳಿ. ರೋಗ ತೊಟ್ಟಿನಿಂದ ದೂರದ ಜಾಗಗಳಲ್ಲೂ ಇದ್ದರೆ, ಅಗಲವಾಗಿ ಹರಡಿದ್ದರೆ, ವಿಕಿರಣ ಕೊಡಲಾಗದ ಕಾರಣವಿದ್ದರೆ ಪೂರ್ತಿ ಸ್ತನ ತೆಗೆಯುವುದೇ ಸುರಕ್ಷಿತ.

ಉಳಿಸಿದರೂ ತೊಟ್ಟು ಉಳಿಯುವುದಿಲ್ಲ. ಈ ಮಾತನ್ನು ನಾವು ವೈದ್ಯರು ಆತುರದಲ್ಲಿ ಹೇಳಿ ಮುಗಿಸುತ್ತೇವೆ, ಕೇಳುವವರಿಗೆ ಅದು ಅಷ್ಟು ಸಣ್ಣ ಮಾತಲ್ಲ. 58 ವರ್ಷದವರಿಗೆ ಇನ್ನೇನು ಎಂದು ಯಾರಾದರೂ ಅಂದರೆ ದಯವಿಟ್ಟು ಅಲ್ಲೇ ತಡೆಯಿರಿ. ತನ್ನ ದೇಹ ಹೇಗಿರಬೇಕು ಎಂಬ ಆಸೆಗೆ ವಯಸ್ಸಿನ ಮಿತಿಯಿಲ್ಲ. ಬೇಕೆಂದವರಿಗೆ ಅಲ್ಲಿನ ಚರ್ಮವನ್ನೇ ಮಡಿಚಿ ತೊಟ್ಟಿನ ಆಕಾರ ಕೊಡಬಹುದು, ಸುತ್ತಲಿನ ವರ್ತುಲವನ್ನು ಹಚ್ಚೆಯಿಂದ ಮೂಡಿಸಬಹುದು. ಅಂಟಿಸಿಕೊಳ್ಳುವ ಸಿಲಿಕಾನ್ ತೊಟ್ಟುಗಳೂ ಇವೆ. ನೋಟ ಮರಳುತ್ತದೆ, ಸ್ಪರ್ಶದ ಅನುಭವ ಮರಳುವುದಿಲ್ಲ. ಪೂರ್ತಿ ಸ್ತನ ತೆಗೆದವರಿಗೂ ಮರುರಚನೆ ಸಾಧ್ಯ. ಯಾವುದೂ ಬೇಡ ಎನ್ನುವವರೂ ಇದ್ದಾರೆ, ಅದೂ ಸರಿಯಾದ ನಿರ್ಧಾರವೇ. ಆಪರೇಷನ್ನಿಗೆ ಮೊದಲೇ ಅಮ್ಮನನ್ನು ಇದರ ಬಗ್ಗೆ ಕೇಳಬೇಕು, ಆಮೇಲಲ್ಲ.

ಒಳಗಿನ ಕ್ಯಾನ್ಸರ್ ನಾಳ ದಾಟಿದ್ದರೆ ಕಂಕುಳಿನ ಗ್ರಂಥಿಗಳಲ್ಲಿ ಮೊದಲು ರೋಗ ಸೇರಬಹುದಾದ ಒಂದೆರಡನ್ನು ತೆಗೆದು ನೋಡುತ್ತಾರೆ. ಪೂರ್ತಿ ಸ್ತನ ತೆಗೆಯುವಾಗಲೂ ಇದನ್ನು ಸಾಮಾನ್ಯವಾಗಿ ಮಾಡುತ್ತಾರೆ, ಏಕೆಂದರೆ ಆಮೇಲೆ ಆ ಗ್ರಂಥಿಯನ್ನು ಗುರುತಿಸುವುದು ಕಷ್ಟ. ಅದರ ಮುಂದಿನ ಕೀಮೋಥೆರಪಿ, ಹಾರ್ಮೋನು ಮಾತ್ರೆ ಇವೆಲ್ಲ ಒಳಗಿನ ಕ್ಯಾನ್ಸರಿನ ಗುಣವನ್ನು ನೋಡಿ ತೀರ್ಮಾನವಾಗುತ್ತವೆ, ಪೇಜೆಟ್ ಎಂಬ ಹೆಸರನ್ನು ನೋಡಿ ಅಲ್ಲ.

ವರದಿಯಲ್ಲಿ ಒಂದು ಪದ ಕಂಡು ಮನೆಯವರು ಗಾಬರಿಯಾಗುವುದನ್ನು ನೋಡಿದ್ದೇನೆ: 'ಹರ್-2 ಪಾಸಿಟಿವ್'. ಪೇಜೆಟ್ ಕೋಶಗಳಲ್ಲಿ ಬಹುಪಾಲಿಗೆ ಇದು ಪಾಸಿಟಿವ್ ಇರುತ್ತದೆ. ಇದು ಕೋಶದ ಮೇಲಿರುವ, ಬೆಳೆಯಲು ಪ್ರಚೋದಿಸುವ ಒಂದು ಪ್ರೋಟೀನು. ಹೆಚ್ಚಾಗಿದ್ದರೆ ಕ್ಯಾನ್ಸರ್ ಚುರುಕಾಗಿ ಬೆಳೆಯುವ ಸ್ವಭಾವದ್ದು, ನಿಜ. ಆದರೆ ಇದನ್ನೇ ಗುರಿಯಾಗಿಸಿದ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಬಂದ ಮೇಲೆ ಈ ಬಗೆಯ ಕ್ಯಾನ್ಸರಿನ ಫಲಿತಾಂಶ ತುಂಬಾ ಸುಧಾರಿಸಿದೆ. ನಾಳ ದಾಟಿದ ಕ್ಯಾನ್ಸರಿಗೆ ಅದನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ, ಹೃದಯದ ಮೇಲೆ ಕಣ್ಣಿಟ್ಟು ಕೊಡುತ್ತಾರೆ. ರೋಗ ಚರ್ಮ ಮತ್ತು ನಾಳದೊಳಗೇ ಇದ್ದರೆ ವರದಿಯಲ್ಲಿ ಪಾಸಿಟಿವ್ ಎಂದಿದ್ದರೂ ವಾಡಿಕೆಯಲ್ಲಿ ಆ ಔಷಧ ಬೇಕಾಗುವುದಿಲ್ಲ. ಹಾಗಾಗಿ ಆ ಒಂದು ಪದವನ್ನು ಓದಿ ಅಳಬೇಡಿ, 'ನಾಳ ದಾಟಿದೆಯೇ, ದಾಟಿಲ್ಲವೇ' ಎಂದು ಕೇಳಿ. ಉಳಿದ ಬಹುತೇಕ ನಿರ್ಧಾರಗಳು ಈ ಒಂದು ಉತ್ತರದಿಂದ ಹೊರಡುತ್ತವೆ, ಎಷ್ಟು ಗುಣವಾಗಬಹುದು ಎಂಬುದೂ ಸೇರಿ.

ನಿಮ್ಮ ಬಗ್ಗೆ ಕೇಳಿದ್ದೀರಿ. ಪೇಜೆಟ್ ಎಂಬುದು ಬೇರೆಯಾಗಿ ವಂಶದಲ್ಲಿ ಹರಿಯುವ ರೋಗವಲ್ಲ. ಅಮ್ಮನಿಗೆ ಇದು ಬಂದರೆ ನಿಮ್ಮ ಲೆಕ್ಕದಲ್ಲಿ ಅದು ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದೇ ಸೇರುತ್ತದೆ, ಅಷ್ಟರ ಮಟ್ಟಿಗೆ ನಿಮ್ಮ ಅಪಾಯ ಹೆಚ್ಚುತ್ತದೆ. ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ, ಯಾರಿಗಾದರೂ 50ರೊಳಗೆ ಬಂದಿತ್ತೇ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಅಂಥದ್ದಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ಮಾತಾಡಬೇಕಾಗುತ್ತದೆ. ಗಂಡಸರಿಗೂ ತೊಟ್ಟಿದೆ, ನಾಳಗಳಿವೆ, ಅಪರೂಪವಾಗಿ ಅವರಿಗೂ ಈ ಕಾಯಿಲೆ ಬರುತ್ತದೆ. ಮನೆಯಲ್ಲಿ ಯಾರಾದರೂ ಗಂಡಸಿಗೆ ಒಂದೇ ತೊಟ್ಟಿನಲ್ಲಿ ಹೀಗಾದರೆ ಅವರಿಗೂ ಇದೇ ಮಾತು.

ಈಗ ಅಮ್ಮನನ್ನು ಕರೆದೊಯ್ಯುವ ವಿಷಯ. ಅವರು ಒಪ್ಪದಿರುವುದಕ್ಕೆ ಭಯ ಅರ್ಧ ಕಾರಣವಾದರೆ ನಾಚಿಕೆ ಇನ್ನರ್ಧ ಇರಬಹುದು. ತೊಟ್ಟನ್ನು ತೋರಿಸಬೇಕು, ಅದೂ ಮತ್ತೆ ಮತ್ತೆ, ಅಪರಿಚಿತರಿಗೆ. ಲೇಡಿ ಡಾಕ್ಟರೇ ಬೇಕು ಎಂದು ಕೇಳಬಹುದು, ನೀವು ಪಕ್ಕದಲ್ಲೇ ನಿಲ್ಲುತ್ತೇನೆ ಎಂದು ಹೇಳಬಹುದು, ಒಂದು ಕಡೆ ಮಾತ್ರ ತೆರೆದು ಇನ್ನೊಂದು ಕಡೆಗೆ ಬಟ್ಟೆ ಹೊದ್ದುಕೊಳ್ಳಬಹುದು. ಪರೀಕ್ಷೆ ಮಾಡುವವರು ಎರಡನ್ನೂ ಹೋಲಿಸಬೇಕಾಗುತ್ತದೆ, ಆದರೆ ಎರಡನ್ನೂ ಒಟ್ಟಿಗೇ ತೆರೆದಿಡಬೇಕೆಂದಿಲ್ಲ.

ಹೋಗುವ ದಿನ ಬೆಳಿಗ್ಗೆ ತೊಟ್ಟಿಗೆ ಮುಲಾಮು ಹಚ್ಚಬೇಡಿ, ಹಕ್ಕಳೆ ಉಜ್ಜಿ ತೆಗೆಯಬೇಡಿ. ಹಚ್ಚಿದ ಎರಡೂ ಮುಲಾಮಿನ ಟ್ಯೂಬುಗಳನ್ನು ಜೊತೆಗೆ ಒಯ್ಯಿರಿ. ಯಾವಾಗ ಶುರುವಾಯಿತು, ಮೊದಲು ಎಲ್ಲಿ ಕಂಡಿತು, ಹಚ್ಚಿದಾಗ ಎಷ್ಟು ದಿನ ಕಡಿಮೆಯಿತ್ತು, ರಕ್ತ ಬಂದಿದೆಯೇ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮ್ಯಾಮೊಗ್ರಾಂನ ವರದಿಯ ಹಾಳೆ ಮಾತ್ರವಲ್ಲ, ಚಿತ್ರಗಳೂ ಇರಲಿ.

ಹೊರಡುವ ಮುಂಚೆ ಮೊಮ್ಮಗಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ. ಪೇಜೆಟ್ ಆಗಿರಲಿ, ಇಸುಬಾಗಿರಲಿ, ಎತ್ತಿಕೊಂಡರೆ, ತಬ್ಬಿಕೊಂಡರೆ, ಪಕ್ಕದಲ್ಲಿ ಮಲಗಿಸಿಕೊಂಡರೆ ಎರಡೂ ಅಂಟುವುದಿಲ್ಲ. ಗಾಯ ಜಿನುಗುತ್ತಿದ್ದರೆ ಮೇಲೊಂದು ಶುಚಿಯಾದ ಹತ್ತಿಬಟ್ಟೆ ಇಟ್ಟುಕೊಂಡರೆ ಸಾಕು.